ಐಪಾಡ್ ವೇಷದ ಫೋನು

ನಿನ್ನೆ ಅಟ್ಟ ಗುಡಿಸುವಾಗ ನನ್ನ ಹಳೇ ಐಪಾಡ್ ಸಿಕ್ಕಿತು. ನೋಡಿದ್ದೇ ತಡ, 2009ರಲ್ಲಿ ಪಾಮ್ ಕಂಪನಿಯ ಪ್ರೀ ಫೋನು ಎಬ್ಬಿಸಿದ ರಂಪ ನೆನಪಾಯಿತು.

ಆ ಜೂನಿನಲ್ಲಿ ಹೊಸದಾಗಿ ಪೇಟೆಗೆ ಬಂದ ಪ್ರೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ, ಆಪಲ್‌ನವರ ಐಟ್ಯೂನ್ಸ್ ತಂತ್ರಾಂಶ ‘ಓ, ನಮ್ಮ ಐಪಾಡ್ ಬಂತು’ ಅಂತ ಹಾಡು ತುಂಬಿ ಕಳಿಸೋದು! ಯುಎಸ್‌ಬಿ ಸಾಮಾನು ಮಾಡುವ ಕಂಪನಿಗೆಲ್ಲ ಮನೆತನದ ಹೆಸರಿನ ಹಾಗೆ ಒಂದೊಂದು ನಂಬರ್ ಇರುತ್ತದಲ್ಲ, ಮೊದಲು ಪ್ರೀ ಪಾಮ್‌ನ ನಂಬರನ್ನೇ ಇಟ್ಟುಕೊಂಡು ‘ನಾನು ಐಪಾಡ್’ ಅಂತ ಮೆಲ್ಲಗೆ ಹೇಳುತ್ತಿತ್ತು. ಜುಲೈನಲ್ಲಿ ಐಟ್ಯೂನ್ಸ್ 8.2.1 ಅದನ್ನು ಗುರುತು ಹಿಡಿದು ಹೊರಗಟ್ಟಿತು. ವಾರ ಕಳೆಯುತ್ತಿದ್ದಂತೆ ಪಾಮ್‌ನವರು ಆಪಲ್‌ನ ನಂಬರನ್ನೇ ತೊಡಿಸಿ ಮತ್ತೆ ಕಳಿಸಿದರು! ಸೆಪ್ಟೆಂಬರಿನಲ್ಲಿ ಆಪಲ್ ಬಾಗಿಲು ಮುಚ್ಚಿತು, ಅಕ್ಟೋಬರಿನಲ್ಲಿ ಪಾಮ್ ತೆರೆಯಿತು, ಆ ತಿಂಗಳ ಕೊನೆಗೆ ಪುನಃ ಚಿಲಕ. ಪಾಮ್‌ನ ಆಗಿನ ಯಜಮಾನ ಜಾನ್ ರೂಬಿನ್‌ಸ್ಟೀನ್ ಹಿಂದೆ ಆಪಲ್‌ನಲ್ಲಿ ಐಪಾಡ್ ವಿಭಾಗ ನೋಡಿಕೊಂಡವರೇ. ತಾನು ಬೆಳೆಸಿದ ಕೂಸಿನ ಅಂಗಿಯನ್ನು ಹೊಸ ಕೂಸಿಗೆ ಹಾಕಿದ ಹಾಗಾಯಿತು ನೋಡಿ.

ಇದೇ ಐಪಾಡನ್ನು ಒಮ್ಮೆ ಚಳ್ಳಕೆರೆಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುವ ಅಂಗಡಿಗೆ ಒಯ್ದಿದ್ದೆ. ಅಂಗಡಿ ಹುಡುಗ ಹಿಂದೆ ಮುಂದೆ ತಿರುಗಿಸಿ, ‘ಕಾರ್ಡ್ ಹಾಕೋ ಜಾಗಾನೇ ಇಲ್ವಲ್ಲಣ್ಣ!’ ಅಂದ. ಪಕ್ಕದಲ್ಲಿ ಕಂಬಳಿ ಸಂತೆಗೆ ಬಂದಿದ್ದ ಅಜ್ಜನೊಬ್ಬ. ಅವನ ಚೈನಾ ಸೆಟ್ಟಿಗೆ ಐದೇ ನಿಮಿಷಕ್ಕೆ ರಾಜ್‌ಕುಮಾರ್ ಹಾಡು ತುಂಬಿಕೊಂಡವು. ಕಂಬಳಿ ಹೆಗಲಿಗೇರಿಸಿ, ಹಾಡು ಜೋರಾಗಿ ಹಾಕಿಕೊಂಡೇ ಹೊರಟ ಪುಣ್ಯಾತ್ಮ. ಆ ಅಜ್ಜನ ಖುಷಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಡು ಯಾವ ಡಬ್ಬಿಗಾದರೂ ಹೀಗೆ ಸಲೀಸಾಗಿ ಹೋಗಬೇಕು, ನಿಜ. ಹಾಗಂತ ಪಾಮ್ ಮಾಡಿದ್ದು ಸರಿ ಅನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮ ಮೊಳಕಾಲ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ದಿನಗಟ್ಟಲೆ ನೇಯ್ದ ರೇಷ್ಮೆ ಸೀರೆಯ ಹೆಸರನ್ನು ಯಾರೋ ಪವರ್‌ಲೂಮ್ ಸೀರೆಗೆ ಅಂಟಿಸಿದರೆ ಹೊಟ್ಟೆ ಉರಿಯುತ್ತೆ. ನಮ್ಮ ಸೀರೆಗೆ ‘ಇದು ಈ ಊರಿನದೇ’ ಅಂತ ಸಾರುವ ಜಿಐ ಗುರುತು ಬೇಕಾದದ್ದೂ ಅದಕ್ಕೇ ತಾನೆ? ಆಪಲ್ ಮೇಲೆ ದೂರು ಹೊತ್ತು ಹೋದ ಪಾಮ್‌ಗೆ ಆ ನಂಬರ್ ಹಂಚುವ ಯುಎಸ್‌ಬಿ ಒಕ್ಕೂಟದವರೂ ‘ಬೇರೆಯವರ ನಂಬರ್ ಬಳಸಬೇಡಿ’ ಅಂತಲೇ ತಿರುಗಿ ಹೇಳಿದರು.

ಆದರೆ ಸೀರೆ ಕೊಂಡ ಮೇಲೆ ಅದನ್ನು ಇಂಥದ್ದೇ ಟ್ರಂಕಿನಲ್ಲಿಡು ಅಂತ ಯಾವ ನೇಕಾರನಾದರೂ ಹೇಳ್ತಾನಾ? ದುಡ್ಡು ಕೊಟ್ಟು ತಂದ ಹಾಡು ನನಗೆ ಬೇಕಾದ ಡಬ್ಬಿಯಲ್ಲಿ ಹಾಡಬೇಕಪ್ಪ. ಬ್ಲ್ಯಾಕ್‌ಬೆರಿ ಫೋನಿನವರು ಆಗಲೇ ತಮ್ಮದೇ ತಂತ್ರಾಂಶ ಬರೆದು, ಐಟ್ಯೂನ್ಸಿನ ಹಾಡುಪಟ್ಟಿ ಓದಿಸಿ, ತಮ್ಮ ಹೆಸರಿನಲ್ಲೇ ಹಾಡು ಒಯ್ಯುತ್ತಿದ್ದರು. ಪಾಮ್‌ಗೂ ಆ ದಾರಿ ಇತ್ತು. ಹಿಡಿಯಲಿಲ್ಲವಲ್ಲ ಅನ್ನೋದೇ ನನ್ನ ಸಂಕಟ.

ಅದಿರಲಿ, ಈ ಐಪಾಡ್ ಚಾರ್ಜ್ ಆಗುತ್ತಾ ನೋಡಬೇಕು. ನಿಮ್ಮನೇಲಿ ಆ ಅಗಲ ಪಿನ್ನಿನ ಹಳೇ ವೈರೇನಾದ್ರೂ ಇದ್ಯಾ?