ತಾಮ್ರದ ಗುಂಡಿ

ಬನದ ಹುಣ್ಣಿಮೆಗೆಂದು ಬೆಂಗಳೂರಿನಿಂದ ಬೈಲಹೊಂಗಲಕ್ಕೆ ಬಂದ ನಮ್ಮ ಅಕ್ಕನ ಮಗ ರಾತ್ರಿ ಪ್ಯಾಂಟು ಕಳಚಿ ಮೂಲೆಯಲ್ಲಿ ಇಟ್ಟ. ಗೂಟಕ್ಕೆ ಹಾಕಲಿಲ್ಲ, ಮಡಚಲಿಲ್ಲ, ಸುಮ್ಮನೆ ಇಟ್ಟ. ಅದು ನಿಂತುಕೊಂಡಿತು. ನಸುಕಿನಲ್ಲಿ ನೀರು ಕುಡಿಯಲು ಎದ್ದ ಅವ್ವನಿಗೆ ಮೂಲೆಯಲ್ಲಿ ಸೊಂಟದಿಂದ ಕೆಳಗಷ್ಟೇ ಇರುವ ಯಾರೋ ಕಂಡು, ಓಣಿ ಏಳುವಂತೆ ಕೂಗಿಕೊಂಡಳು.

"ಗಂಜಿ ಹಾಕೀಯೇನೋ ಇದಕ್ಕ?"

"ಇಲ್ಲ ಆಯಿ, ರಾ ಡೆನಿಮ್ ಇದು. ತೊಳಿಬಾರ್ದು. ಎಂಟು ತಿಂಗಳಾತು, ಒಮ್ಮೆನೂ ನೀರು ಮುಟ್ಟಿಸಿಲ್ಲ."

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಬೆಲೆ ಕೇಳಿದ್ದು ನಾನು. 28,000 ರೂಪಾಯಿ. ಆಗ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.

ಚಹಾ ಕುಡಿಯುತ್ತ ಅಳಿಯ ಶಾಸ್ತ್ರ ಬಿಡಿಸಿ ಹೇಳಿದ. ನೀಲಿ ಬಣ್ಣ ನೂಲಿನ ಹೊಟ್ಟೆಗೆ ಇಳಿಯುವುದಿಲ್ಲ, ಮೈಮೇಲಷ್ಟೇ ಕೂರುತ್ತದೆ. ಉಟ್ಟವನು ಕೂತು, ಎದ್ದು, ಉಜ್ಜಿದಲ್ಲೆಲ್ಲ ಬಣ್ಣ ಹಾರಿ ಒಳಗಿನ ಬಿಳಿ ಕಾಣುತ್ತದೆ. ತೊಡೆಸಂದಿಯ ಗೆರೆಗಳಿಗೊಂದು ಹೆಸರು, ಮೊಣಕಾಲ ಹಿಂದಿನ ಜೇನುಗೂಡಿನಂಥ ಮಡಿಕೆಗೊಂದು ಹೆಸರು, ಕಿಸೆಯಲ್ಲಿ ಫೋನು ಕೂತ ಗುರುತಿಗೊಂದು ಹೆಸರು. ತೊಳೆದರೆ ಎಲ್ಲ ಕಡೆ ಒಂದೇ ಸಮ ಮಾಸಿ ಚರಿತ್ರೆ ಅಳಿಸಿಹೋಗುತ್ತದಂತೆ. ನಮ್ಮ ಅಪ್ಪನ ಅಂಗಿಯ ಬೆನ್ನ ಮೇಲೆ ಬೆವರಿನ ಉಪ್ಪು ವರ್ಷಾನುಗಟ್ಟಲೆ ನಕಾಶೆ ಬರೆದಿತ್ತು. ಅದಕ್ಕೆ ಯಾರೂ ಹೆಸರಿಡಲಿಲ್ಲ. ಅವ್ವ ಅದನ್ನು ವಾರಕ್ಕೊಮ್ಮೆ ಕಲ್ಲಿಗೆ ಬಡಿದು ಚರಿತ್ರೆಯನ್ನು ಹಳ್ಳಕ್ಕೆ ಬಿಡುತ್ತಿದ್ದಳು.

"ಹತ್ತಿ ಎಲ್ಲಿದು?" ಅಂದೆ. ಊರಿನ ಅಭ್ಯಾಸ. ಬೈಲಹೊಂಗಲದವ ಬಟ್ಟೆ ಮುಟ್ಟಿದರೆ ಮೊದಲು ಹತ್ತಿ ಕೇಳುತ್ತಾನೆ.

"ಜಿಂಬಾಬ್ವೆದು ಮಾಮಾ. ಒಂದ್ನೇ ನಂಬರ್."

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನೇ ಕರೆಸಿ ಧಾರವಾಡದ ಎರಿ ಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಮುಂದೆ 'ಧಾರವಾಡ ಅಮೆರಿಕನ್' ಎಂದೇ ಆ ಹತ್ತಿಗೆ ಹೆಸರಾಯಿತು. 1861ರಲ್ಲಿ ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಲು ಶುರುಮಾಡಿದಾಗ ಲಂಕಾಶೈರ್ ಗಿರಣಿಗಳು ಬಾಯಿ ಬಿಟ್ಟುಕೊಂಡು ನೋಡಿದ್ದು ನಮ್ಮ ದಿಕ್ಕಿಗೆ. ಈ ಪುರಾಣವನ್ನೆಲ್ಲ ಹೇಳಿದೆ. ಅಳಿಯ ತಲೆದೂಗಿ, "ಸ್ಟೇಪಲ್ ಲೆಂಗ್ತ್ ಎಷ್ಟಿತ್ತು?" ಅಂದ. ಮಾವನ ಊರಿನ ಹತ್ತಿಗೂ ಸಂದರ್ಶನ!

ಅಸಲು ಬೆಲೆ ಪ್ಯಾಂಟಿನ ಒಳಮೈಯಲ್ಲಿದೆಯಂತೆ. ಕಾಲಿನ ತುದಿ ಮಡಚಿ ತೋರಿಸಿದ. ಹೊಲಿಗೆಯ ಅಂಚಿನಲ್ಲಿ ಬಿಳಿ ಪಟ್ಟಿ, ನಡುವೆ ಒಂದು ಕೆಂಪು ಎಳೆ. ಇದು ಸೆಲ್ವೆಡ್ಜ್, ಹಳೇ ಲಾಳಿ ಮಗ್ಗದಲ್ಲಿ ನೇಯ್ದರೆ ಮಾತ್ರ ಬರುತ್ತದೆ. ಅಮೆರಿಕದಲ್ಲಿ ಇಂಥ ಬಟ್ಟೆಗೆ ಹೆಸರಾಗಿದ್ದ ಗ್ರೀನ್ಸ್‌ಬರೋದ ವೈಟ್ ಓಕ್ ಗಿರಣಿ 2017ರ ಕೊನೆಗೆ ಬಾಗಿಲು ಹಾಕಿತು. ಈಗ ಭಕ್ತರೆಲ್ಲ ಜಪಾನಿನ ಒಕಾಯಾಮಾ ಸೀಮೆಯ ಕೊಜಿಮಾಕ್ಕೆ ಯಾತ್ರೆ ಹೋಗುತ್ತಾರೆ. ಅಲ್ಲಿ ಜೀನ್ಸಿಗೆಂದೇ ಒಂದು ಬೀದಿಯಿದೆ. ಹೋಗಲಾಗದವರು ಕುಂತಲ್ಲೇ ಫೋನಿನಲ್ಲಿ ದರ್ಶನ ಪಡೆದು ಕಸ್ಟಮ್ಸ್ ಸುಂಕದ ಕಾಣಿಕೆ ಸಲ್ಲಿಸುತ್ತಾರೆ.

ಅದೇ ಹೊತ್ತಿಗೆ ರಾಮದುರ್ಗದ ನಮ್ಮ ಬೀಗರು ಬಂದರು. ಮಗ್ಗದ ಮನೆತನ, ಸೀರೆ ನೇಯ್ದ ಕೈ. ಕನ್ನಡಕ ಏರಿಸಿ ಆ ಕೆಂಪು ಎಳೆಯ ಮೇಲೆ ಉಗುರು ಆಡಿಸಿ ನೋಡಿದರು.

"ದಡಿ ಇದು," ಅಂದರು.

"ಸೆಲ್ವೆಡ್ಜ್ ರೀ."

"ಹೌದಪಾ, ದಡಿ. ಲಾಳಿ ಆ ಕಡೆ ಹೋಗಿ ಈ ಕಡೆ ತಿರುಗಿ ಬಂತಂದ್ರ ದಡಿ ಆಗ್ತೈತಿ. ಆಗದ ಇದ್ರ ನೇಯ್ದವನ ಕಿವಿ ಹಿಂಡ್ತಾರ. ಇದಕ್ಕ ರೊಕ್ಕ ಬ್ಯಾರೆ ಕೊಟ್ಟಿ ಏನು?"

ರಾಮದುರ್ಗದ ಕಡೆ ಈ ಲಾಳಿಯನ್ನು ನಂಬಿ ಎಷ್ಟೋ ಮನೆಗಳ ಒಲೆ ಹೊತ್ತಿವೆ. ಪವರ್‌ಲೂಮ್ ಬಂದ ಮೇಲೆ ಕುಣಿಮಗ್ಗ ಕಟ್ಟಿಗೆಯ ಬೆಲೆಗೆ ಹೋಯಿತು. ಮಗ್ಗ ಬಿಟ್ಟ ಕೈಗಳು ಊರೂರು ಕೂಲಿಗೆ ನಡೆದವು. ನಮ್ಮಲ್ಲಿ ನಿಧಾನದ ಮಗ್ಗವೆಂದರೆ ಅದೊಂದು ಸಮಸ್ಯೆ, ಅದಕ್ಕೊಂದು ಇಲಾಖೆ, ಇಲಾಖೆಗೊಂದು ಅರ್ಜಿ ನಮೂನೆ. ಜಪಾನಿನಲ್ಲಿ ನಿಧಾನದ ಮಗ್ಗವೆಂದರೆ 28,000. ಬೀಗರು ಇದನ್ನು ಕೇಳಿಸಿಕೊಂಡು ಸುಣ್ಣ ಜಾಸ್ತಿಯಾದ ಎಲೆ ಅಗಿದವರ ಹಾಗೆ ಮುಖ ಮಾಡಿದರು.

ಮರುದಿನ ಸವದತ್ತಿ. ಜೋಗುಳಬಾವಿಯಲ್ಲಿ ಮುಳುಗು ಹಾಕಿಯೇ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕೆಂದು ಅವ್ವನ ಅಪ್ಪಣೆ. ಅಳಿಯ ನನ್ನ ಲುಂಗಿ ಉಟ್ಟು ನೀರಿಗಿಳಿದ. ಪ್ಯಾಂಟನ್ನು ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಹಸುಗೂಸು ಹಿಡಿದಂತೆ ಎದೆಗವಚಿ, ದಂಡೆಯ ಮೇಲೆ ನಾನು ನಿಂತೆ. ಗುಡ್ಡದಲ್ಲಿ 'ಉಧೋ ಉಧೋ' ಎನ್ನುವ ಜನಸಾಗರ ಹಿಡಿಹಿಡಿ ಭಂಡಾರ ಎರಚಿತು. ಜಪಾನಿನ ನೀಲಿಯ ಮೇಲೆ ಸವದತ್ತಿಯ ಅರಿಸಿನ. ಹುಡುಗ ಒಂದು ಗಳಿಗೆ ಅಳುವ ಹಾಗಾದ. ಆಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ಮಾಮಾ, ಪಟಿನಾ!" ಎಂದು ಏಳು ಫೋಟೊ ತೆಗೆದ. ಎಲ್ಲಮ್ಮನ ಮಹಿಮೆಗೆ ಇದಕ್ಕಿಂತ ಸಾಕ್ಷಿ ಬೇಡ.

ಜಾತ್ರೆಯ ಅಂಗಡಿ ಸಾಲಿನಲ್ಲಿ 400 ರೂಪಾಯಿಗೆ 'ಲಿವೈಸ್' ಜೋಲಾಡುತ್ತಿತ್ತು. ಸ್ಪೆಲ್ಲಿಂಗಿನಲ್ಲಿ ಒಂದಕ್ಷರ ಧಾರಾಳವಾಗಿತ್ತು. ಇಂಥದೇ ಮಾಲನ್ನು ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದಲ್ಲೂ ನೋಡಿದ್ದೆ. ಚೆನ್ನಮ್ಮ 1824ರಲ್ಲಿ ಥ್ಯಾಕರೆಯ ದಂಡನ್ನು ಮುರಿದ ಕೋಟೆಯ ಮಗ್ಗುಲಿಗೆ 'ಅಮೆರಿಕನ್ ಈಗಲ್' ಚಿತ್ರದ ಪ್ಯಾಂಟಿನ ರಾಶಿ. ಅಳಿಯ ಮೂಗು ಮುರಿದ. "ಡುಪ್ಲಿಕೇಟ್ ಮಾಮಾ!"

"ನಿಂದು?"

"ಇದು ರಿಪ್ರೊಡಕ್ಷನ್."

ವ್ಯತ್ಯಾಸ ತಿಳಿಯಲು ನನಗೆ ಸವದತ್ತಿಯಿಂದ ಬೈಲಹೊಂಗಲದವರೆಗಿನ ಬಸ್ಸು ಪೂರ್ತಿ ಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ನೂಲಿಗೂ ಪಡಿತರ ಹಾಕಿತು. ಲಿವೈಸಿನವರು ಹಿಂಗಿಸೆಯ ಮೇಲಿನ ಕಮಾನಿನ ಹೊಲಿಗೆ ಬಿಟ್ಟು, ಅದೇ ಆಕಾರವನ್ನು ಬಣ್ಣದಲ್ಲಿ ಬರೆದರು. ಪಾಪ, ಕೊರತೆ. ಈಗ ನೂಲಿಗೆ ಬರವಿಲ್ಲದ ಜಪಾನಿನಲ್ಲಿ ಆ ಕೊರತೆಯನ್ನೇ ನಕಲು ಮಾಡಿ, ಕುಂಚ ಹಿಡಿದು ಬಣ್ಣ ಬಳಿದು ಹೆಚ್ಚು ಬೆಲೆ ಕಟ್ಟುತ್ತಾರೆ. 1979ರ ಸ್ಟುಡಿಯೊ ಡಾರ್ಟಿಸಾನ್, 1991ರ ಎವಿಸು, 1992ರ ಫುಲ್‌ಕೌಂಟ್, 1995ರ ವೇರ್‌ಹೌಸ್, ಈ ಬ್ರ್ಯಾಂಡುಗಳೆಲ್ಲ ಒಸಾಕಾದ ಘರಾಣೆಯವು. ನಕಲು ಅಸಲನ್ನು ಮೀರಿಸಿದ್ದು ನೋಡಿ ಲಿವೈಸ್ ಕಂಪನಿ ಕೆಲವು ಜಪಾನಿ ತಯಾರಕರ ಮೇಲೆ ಕೋರ್ಟಿಗೂ ಹೋಯಿತು. ಒಟ್ಟಿನಲ್ಲಿ ಸಿದ್ಧಾಂತ ಇಷ್ಟು: ಬಡವ ನಕಲು ಮಾಡಿದರೆ ಡುಪ್ಲಿಕೇಟ್, ಪಂಡಿತ ಮಾಡಿದರೆ ರಿಪ್ರೊಡಕ್ಷನ್. ನಮ್ಮ ಸಾಹಿತ್ಯ ವಲಯದಲ್ಲಿ ಇದು ಬಹಳ ಹಿಂದೆಯೇ ಇತ್ಯರ್ಥವಾದ ವಿಷಯ.

ಬಸ್ಸಿನಲ್ಲೇ ಇನ್ನೊಂದು ಕತೆ. 2022ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೊದಲ್ಲಿ, ಪಾಳುಬಿದ್ದ ಗಣಿಯಲ್ಲಿ ಸಿಕ್ಕ 1880ರ ದಶಕದ ಲಿವೈಸ್ ಪ್ಯಾಂಟೊಂದು ಹರಾಜಾಯಿತು. ಕಮಿಷನ್ ಸೇರಿ 87,400 ಡಾಲರ್. ಅಂದಿನ ಲೆಕ್ಕಕ್ಕೆ ಸುಮಾರು 70 ಲಕ್ಷ ರೂಪಾಯಿ. ಮೇಣದ ಬತ್ತಿಯ ಮೇಣ ಕೂಡ ಅದರ ಮೇಲೆ ಹಾಗೇ ಇತ್ತು. ಒಳಗಿಸೆಯ ಮೇಲೆ ಅಚ್ಚಾಗಿದ್ದ ಸಾಲಿನ ತಾತ್ಪರ್ಯ, ಇದು ಬಿಳಿಯರ ಕೈಯಿಂದಷ್ಟೇ ತಯಾರಾದದ್ದು ಎಂದು. ಚೀನೀ ಕೂಲಿಗಳು ಅಮೆರಿಕಕ್ಕೆ ಕಾಲಿಡದಂತೆ 1882ರಲ್ಲಿ ಕಾನೂನು ಮಾಡಿದ ಕಾಲ ಅದು. ಅಳಿಯ ಇದನ್ನು ಹೇಳಿದ್ದು ಬಟ್ಟೆಯ ವಯಸ್ಸು ಗುರುತಿಸುವ ಚಿಹ್ನೆ ಎಂದು. ಗಣಿಯಲ್ಲಿ ಆ ಮೊಣಕಾಲು ಸವೆಸಿದವನು ಯಾರೋ, ಅವನಿಗೆ ದಿನಕ್ಕೆಷ್ಟು ಕೂಲಿಯೋ, ಹರಾಜು ಕೂಗಿದವರು ಹೇಳಲಿಲ್ಲ. ಸವೆತ ಮಾರಾಟಕ್ಕಿತ್ತು, ಸವೆದವನಲ್ಲ.

ಸವೆಯುವಷ್ಟು ಪುರುಸೊತ್ತಿಲ್ಲದವರಿಗೆ ಬಳ್ಳಾರಿ ಇದೆ. ನೂರಾರು ಸಣ್ಣ ಘಟಕಗಳು. ಅಲ್ಲಿ ಮನೆಮನೆಯ ಹೆಂಗಸರು ಪೀಸಿನ ಲೆಕ್ಕದಲ್ಲಿ ಜೀನ್ಸ್ ಹೊಲಿಯುತ್ತಾರೆ. ಆಮೇಲೆ ವಾಷಿಂಗ್ ಘಟಕದಲ್ಲಿ ಹೊಸ ಬಟ್ಟೆಗೆ ರಾಸಾಯನಿಕ ಕುಡಿಸಿ, ಉಜ್ಜಿ, ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ವಯಸ್ಸು ಏರಿಸುತ್ತಾರೆ. ಪ್ಯಾಂಟಿನ ಜೊತೆ ಉಜ್ಜಿದವರ ವಯಸ್ಸೂ ಏರುತ್ತದೆ, ಆದರೆ ಅದಕ್ಕೆ ಬೇರೆ ಬಿಲ್ಲಿಲ್ಲ. 2023ರ ಚುನಾವಣೆ ಹೊತ್ತಿಗೆ ಬಳ್ಳಾರಿಯನ್ನು ಜೀನ್ಸ್ ರಾಜಧಾನಿ ಮಾಡುವ ಮಾತು, 5,000 ಕೋಟಿಯ ಅಪೆರಲ್ ಪಾರ್ಕಿನ ಮಾತು ಬಂದವು. ಮಾತಿಗೆ ರಾ ಡೆನಿಮ್‌ನ ಗುಣವಿದೆ, ನೀರು ತಾಕಿಸದಿದ್ದರೆ ಬಹಳ ದಿನ ಬಣ್ಣ ಬಿಡುವುದಿಲ್ಲ.

ಮನೆ ಮುಟ್ಟಿದಾಗ ನನಗೊಂದು ನೆನಪು ಚುಚ್ಚಿತು. 1995ರಲ್ಲಿ ಅರವಿಂದ್ ಮಿಲ್ಲಿನವರು 'ರಫ್ ಆ್ಯಂಡ್ ಟಫ್' ಎಂಬ ಕಿಟ್ ತಂದರು. ಒಂದು ಪೊಟ್ಟಣದಲ್ಲಿ ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್ಟು, ಹಿಂದೆ ಅಂಟಿಸುವ ಲೇಬಲ್ಲು. ಎಲ್ಲ ಸೇರಿ 195 ರೂಪಾಯಿ. ನಮ್ಮೂರಿನ ಸಿಂಪಿಗ ಮೂರು ಸೂಜಿ ಮುರಿದು ನನಗೊಂದು ಹೊಲಿದುಕೊಟ್ಟಿದ್ದ. ಒಂದು ಕಾಲು ಅರ್ಧ ಇಂಚು ಉದ್ದ. ಅಳಿಯ ಇದನ್ನು ಕೇಳಿ ಎದ್ದೇ ನಿಂತ. "ಮಾಮಾ! ಫಸ್ಟ್ ಇಯರ್ ಕಿಟ್, ಲೋಕಲ್ ಟೇಲರ್ ಸ್ಟಿಚ್, ಒನ್ ಆಫ್ ಒನ್! ಎಲ್ಲೈತಿ?"

ಟ್ರಂಕು ಹುಡುಕಿದ, ಅಟ್ಟ ಹುಡುಕಿದ. ಕಡೆಗೆ ಅವ್ವ ಹೇಳಿದಳು: ಒಂದು ಕಾಲು ಕೌದಿಯೊಳಗೈತಿ, ಉಳಿದದ್ದು ಭಾಂಡೆಯವಳಿಗೆ ಹೋತು, ಬದಲಿಗೆ ಬಂದ ಡಬ್ಬ್ಯಾಗ ಈಗ ಸಾಸಿವಿ ಅದಾವು. ಹುಡುಗ ಕೌದಿ ಬಿಡಿಸಿ ನಾಲ್ಕು ಸೀರೆ, ಎರಡು ಧೋತರ, ಒಂದು ಶಾಲೆ ಸಮವಸ್ತ್ರದ ನಡುವೆ ಆ ನೀಲಿ ತುಂಡು ಕಂಡು ಕಣ್ಣಿಗೊತ್ತಿಕೊಂಡ. ಜಪಾನಿನಲ್ಲಿ ತೇಪೆಯ ಮೇಲೆ ತೇಪೆ ಹಾಕಿದ ಇಂಥ ಬಟ್ಟೆಗೆ ಬೊರೊ ಅನ್ನುತ್ತಾರಂತೆ, ಮ್ಯೂಸಿಯಂನಲ್ಲಿ ಇಡುತ್ತಾರಂತೆ. ಅವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಅಷ್ಟರಲ್ಲಿ ಓಣಿಯಲ್ಲಿ ಕೂಗು ಕೇಳಿತು: "ಹಳೇ ಬಟ್ಟೀಗೆ ಭಾಂಡೇಯ್!" ವಿಂಟೇಜ್ ವ್ಯಾಪಾರದಲ್ಲಿ ಈ ಹೆಂಗಸಿನಷ್ಟು ಅನುಭವ ಕೊಜಿಮಾದ ಯಾವ ಅಂಗಡಿಕಾರನಿಗಿದೆಯೋ ಕಾಣೆ. ಕಟ್ಟೆಯ ಮೇಲೆ ಭಂಡಾರ ಆರಲೆಂದು ಹಾಕಿದ್ದ ಪ್ಯಾಂಟು ಅವಳ ಕಣ್ಣಿಗೆ ಬಿತ್ತು. ಅಳಿಯ ಬೇಡವೆನ್ನುವಷ್ಟರಲ್ಲಿ ಎತ್ತಿ ಬೆಳಕಿಗೆ ಹಿಡಿದಳು, ಮೂಸಿದಳು, ಮುಖ ತಿರುವಿದಳು. ದಡಿಯ ಕಡೆ ನೋಡಲೂ ಇಲ್ಲ.

"ತೊಳೆದಿಲ್ಲ. ಬಣ್ಣಾನೂ ಹೋಗೇತಿ. ಒಂದು ಚಹಾ ಜಾಳಿಗಿ ಕೊಡ್ತೀನಿ."

"ಇಪ್ಪತ್ತೆಂಟು ಸಾವಿರದ್ದು!" ಹುಡುಗನ ಗಂಟಲು ಕಟ್ಟಿತ್ತು.

ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಸೆಯ ಮೂಲೆಯ ಗುಂಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಜೇಕಬ್ ಡೇವಿಸ್ ಎಂಬ ದರ್ಜಿ ಲಿವೈ ಸ್ಟ್ರಾಸ್‌ನ ಜೊತೆಗೂಡಿ 1873ರ ಮೇ 20ರಂದು ಪೇಟೆಂಟ್ ಪಡೆದ, ಜಗತ್ತಿನ ಜೀನ್ಸ್ ಪುರಾಣವೆಲ್ಲ ಶುರುವಾದ ರಿವೆಟ್ಟು ಅದು.

"ಇದು ತಾಮ್ರದ್ದೇನ್ರೀ?"

"ಹೌದು, ಅಪ್ಪಟ ತಾಮ್ರ," ಅಂದ ಅಳಿಯ, ಕಡೆಗೂ ಒಬ್ಬ ತಿಳಿದವಳು ಸಿಕ್ಕಳೆಂಬ ಆಸೆಯಿಂದ.

"ಹಂಗಾದ್ರ ಜಾಳಿಗಿ ಮ್ಯಾಲ ಒಂದು ಚಮಚ."

"ಚಮಚ ಅಲ್ಲ," ಅಂದಳು ಅವ್ವ, ಸೆರಗು ಸಿಗಿಸಿಕೊಂಡು ಹೊಸ್ತಿಲ ಮೇಲೆ ಕೂರುತ್ತ, "ಸೌಟು ಹಾಕು. ಎಣಿಸಿ ನೋಡು, ಆರು ಗುಂಡಿ ಅದಾವು."