ಹೆಬ್ಬಾತಿಗೆ ಸ್ಟಾಂಪಿಂಗ್ ಬೇಡ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಾವು ರಜೆಗೆ ಎಲ್ಲಿಗೆ ಹೋಗಬೇಕು ಎಂಬುದು ತೀರ್ಮಾನವಾಗುವುದು ಮೈಸೂರಿನ ಚಾಮರಾಜಪುರಂನಲ್ಲಿ. ಅಲ್ಲಿ ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಹುರುಳಿಕಾಯಿ ನಾರು ಬಿಡಿಸುತ್ತಿರುತ್ತಾರೆ. ನಮಗೆ ಕಾಣುವುದು ಅರ್ಧ ಹಣೆ, ಪೂರ್ತಿ ಫ್ಯಾನು. ಚಾಮರಾಜನಗರಕ್ಕೆ ಹೋಗುವ ರೈಲು ಅಲ್ಲಿನ ಸ್ಟೇಷನ್ನಿನಲ್ಲಿ ಕೂಗಿದರೆ ಎರಡೂ ಖಂಡಗಳಲ್ಲಿ ಮಾತು ನಿಲ್ಲಬೇಕು.

ನನ್ನ ಹೆಂಡತಿಗೆ ಈಚೆಗೆ ಹಕ್ಕಿ ಹುಚ್ಚು. ಕೋಸ್ಟರಿಕಾಗೆ ಹೋಗಿ ಕ್ವೆಟ್ಜಲ್ ನೋಡಲೇಬೇಕಂತೆ. ಮೈಯೆಲ್ಲ ಹಸಿರು, ಹೊಟ್ಟೆ ಕೆಂಪು, ಗಂಡಿಗೆ ಮೈಗಿಂತ ಉದ್ದದ ಗರಿ. ಸ್ಯಾನ್ ಹೆರಾರ್ದೊ ದೆ ದೋಟಾ ಎಂಬ ಬೆಟ್ಟದ ಕಣಿವೆಯಲ್ಲಿ, ಮೋಡ ಕವಿದ ಕಾಡಿನಲ್ಲಿ, ಕಾಡು ಬೆಣ್ಣೆಹಣ್ಣು ನುಂಗಿಕೊಂಡು ಕೂತಿರುತ್ತದೆ. ಏಪ್ರಿಲ್ ಅದರ ಗೂಡಿನ ಕಾಲ, ಮಕ್ಕಳಿಗೂ ಸ್ಕೂಲ್ ರಜೆ. ಕರ್ನಾಟಕದ ಮೂರನೇ ಒಂದು ಪಾಲೂ ಇಲ್ಲದ ಆ ದೇಶದಲ್ಲಿ 900ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ ಎಂದು ಅವಳು ಅಪ್ಪನಿಗೆ ಉತ್ಸಾಹದಿಂದ ಹೇಳಿದಳು.

"ಅಷ್ಟೂ ನಿಮಗೋಸ್ಕರ ಕಾಯ್ತಾ ಕೂತಿರ್ತವೇನಮ್ಮ?" ಎಂದರು ಅಪ್ಪ.

ಅಪ್ಪ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವವರು. ಹೆಜ್ಜಾರ್ಲೆಗಳ ಹಾಜರಿ ತೆಗೆದುಕೊಳ್ಳುವ ಅಧಿಕಾರ ತಮಗಿದೆ ಎಂದು ನಂಬಿದವರು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಸಲಹೆಯ ಮೇಲೆ ಪಕ್ಷಿಧಾಮವಾದ ರಂಗನತಿಟ್ಟಿಗೆ ನಮ್ಮನ್ನು ಕರೆದುಕೊಂಡು ಹೋದಾಗಲೆಲ್ಲ ದೋಣಿಯವನಿಗಿಂತ ಹೆಚ್ಚು ಇವರೇ ಮಾತಾಡಿದ್ದಾರೆ. ಅವರ ಮುಖ್ಯ ತಕರಾರು ಬೇರೆ. "ಮಂಗೋಲಿಯಾದಿಂದ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ನಂಜನಗೂಡು ತಾಲೂಕಿನ ಹದಿನಾರು ಅನ್ನೋ ಊರಿನ ಕೆರೆಗೆ ಬರತ್ತೆ ಕಣೋ. ಅದಕ್ಕೆ ಗೊತ್ತಾಗಿರೋದು ನಿನಗೆ ಗೊತ್ತಾಗಲಿಲ್ಲವಲ್ಲ!" ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಕೆಲವು ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದು ನಿಜ. ಆದ್ದರಿಂದ ವಾದಿಸುವಂತಿರಲಿಲ್ಲ.

ಅಮ್ಮನ ಪ್ರಶ್ನೆ ಒಂದೇ: "ಹೊಟ್ಟೆಗೆ?" ಕೋಸ್ಟರಿಕಾದಲ್ಲಿ ಬೆಳಗಿನ ತಿಂಡಿಗೇ ಅನ್ನಕ್ಕೆ ಕಪ್ಪು ಕಾಳು ಕಲಸಿ ಕೊಡುತ್ತಾರೆ ಅಂದೆ. ನಾರು ಬಿಡಿಸುವ ಕೈ ನಿಂತಿತು. "ಒಗ್ಗರಣೆ?" ನನ್ನಲ್ಲಿ ಉತ್ತರವಿರಲಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್ ಪಟ್ಟಿಗೆ ಸೇರಿದವು. ಸೂಟ್‌ಕೇಸಿನಲ್ಲಿ ಅವುಗಳ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಜಾಗವಿದ್ದರೆ ಬೈನಾಕ್ಯುಲರ್.

ಹಕ್ಕಿ ನೋಡುವವರಿಗೆ ನಿಯಮಗಳಿವೆ: ಕತ್ತಲಲ್ಲೇ ಏಳಬೇಕು, ಢಾಳು ಬಣ್ಣ ತೊಡಬಾರದು, ಮಾತಾಡಬಾರದು. ಮಗಳ ರೇನ್‌ಕೋಟು ರಾಣಿ ಬಣ್ಣದ್ದು, ಅದನ್ನು ಹೇಗೋ ಸರಿಮಾಡಬಹುದು. ಆದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲವೆಂದರೆ ಯಾರಿಗೋ ಕೋಪ ಬಂದಿದೆ ಅಂತ ಲೆಕ್ಕ. ಅರ್ಧ ಗಂಟೆ ಸುಮ್ಮನೆ ಮರದಡಿ ನಿಂತರೆ ಕ್ವೆಟ್ಜಲ್ ಬರುವುದಕ್ಕೆ ಮುಂಚೆ "ಏನ್ರೀ, ನಾನೇನಂದೆ ಈಗ?" ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಎದುರಾದದ್ದು ಪಾಸ್‌ಪೋರ್ಟು. ಅಮೆರಿಕದ ಕೆಲವು ಬಗೆಯ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಕೋಸ್ಟರಿಕಾ ಬೇರೆ ವೀಸಾ ಕೇಳುವುದಿಲ್ಲ. ನಮ್ಮ ಎಚ್-1ಬಿ ಉದ್ಯೋಗ ಅನುಮತಿ ಚಾಲ್ತಿಯಲ್ಲಿದೆ, ಆದರೆ ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ತೀರಿಹೋಗಿದೆ. ಅಮೆರಿಕದೊಳಗೆ ಕೂತಿರಲು ಅಡ್ಡಿಯಿಲ್ಲ, ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲು ಹೊಸ ಸ್ಟಾಂಪು ಬೇಕು. ಕೆನಡಾ, ಮೆಕ್ಸಿಕೋಗಳಿಗೆ 30 ದಿನದೊಳಗೆ ಹೋಗಿಬರಲು ವಿನಾಯಿತಿ ಇದೆ. ಕ್ವೆಟ್ಜಲ್ ನೋಡಲು ಹೋದವರಿಗೆ ಇಲ್ಲ. ಅಂದರೆ ಮೊದಲು ಊರಿಗೆ ಹೋಗಿ ಚೆನ್ನೈನಲ್ಲಿ ವೀಸಾ ಸಂದರ್ಶನ ಮುಗಿಸಬೇಕು.

ಸುದ್ದಿ ಕೇಳಿ ಅಪ್ಪ ಫ್ಯಾನಿನ ಕೆಳಗೆ ಮೊದಲ ಸಲ ಪೂರ್ತಿ ಕಾಣಿಸಿಕೊಂಡರು. "ಡಿಸೆಂಬರಿಗೇ ಬಂದುಬಿಡಿ. ಹೆಬ್ಬಾತು ಹದಿನಾರಲ್ಲೇ ಇರ್ತವೆ. ಚೆನ್ನೈಗೆ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರಾಯ್ತು, ಸಂದರ್ಶನ ಮುಗಿಸಿ ವೇಡಂತಾಂಗಲ್ ಪಕ್ಷಿಧಾಮ ನೋಡ್ಕೊಂಡು ಬರೋಣ." ಇವರೇ ವೀಸಾ ಆಫೀಸಿಗೆ ಪತ್ರ ಬರೆದಿದ್ದರೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

ಹೆಂಡತಿ ಸೋತಿಲ್ಲ. ಡಿಸೆಂಬರಿಗೆ ಹೆಬ್ಬಾತು, ಸ್ಟಾಂಪು ಸಿಕ್ಕರೆ ಏಪ್ರಿಲ್‌ಗೆ ಕ್ವೆಟ್ಜಲ್ ಎಂದು ಕ್ಯಾಲೆಂಡರಿನಲ್ಲಿ ಬರೆದಿದ್ದಾಳೆ. ಖರ್ಚಿನ ಲೆಕ್ಕ ನನ್ನ ಪಾಲಿಗೆ.

ಹಕ್ಕಿ ನೋಡಲು ಹೊರಟಿರುವ ಹೊರನಾಡ ಬಂಧುಗಳೇ, ಬೈನಾಕ್ಯುಲರ್ ಕೊಳ್ಳುವ ಮೊದಲು ಪಾಸ್‌ಪೋರ್ಟ್ ತೆರೆದು ಸ್ಟಾಂಪಿನ ತಾರೀಖು ನೋಡಿಕೊಳ್ಳಿ. ಅದು ಬರಿಗಣ್ಣಿಗೇ ಕಾಣುತ್ತದೆ.