ಬೇಸಿಗೆಯ ಅಣ್ಣ

ಗಡಿನಾಡಿನ ಪದವಿ ಕಾಲೇಜುಗಳ ಸುತ್ತ ಬೆಳೆಯುವ ಮನುಷ್ಯ ಮಾದರಿಗಳಲ್ಲಿ ‘ಬೇಸಿಗೆಯ ಅಣ್ಣ’ನಿಗೆ ಪ್ರತ್ಯೇಕ ಸ್ಥಾನ ಸಲ್ಲಬೇಕು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಎರಡು ತಿಂಗಳು ಕಳೆದು ಬಂದು, ಆ ಎರಡು ತಿಂಗಳ ಬಡ್ಡಿಯಲ್ಲೇ ಮುಂದಿನ ಹತ್ತು ವರ್ಷ ಊರಿಗೆಲ್ಲ ಮಾರ್ಗದರ್ಶನ ಮಾಡುವವನು ಈ ಹೆಸರಿಗೆ ಅರ್ಹ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲೂ, ಮೂರು ಕಡೆ ಕರ್ನಾಟಕವನ್ನೇ ಕಾಣುವ ಮಡಕಶಿರಾದಲ್ಲೂ ಅನೇಕರಿಗೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು, ಅರ್ಜಿಯ ಮಾತು ಇಂಗ್ಲಿಷ್ ಆಗಿರುವುದರಿಂದ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಸಿ ತೆಲುಗಿನಲ್ಲಿ ಬೈಯುವ ಅಣ್ಣನು ತ್ರಿಭಾಷಾ ಸೂತ್ರವನ್ನು ಸರ್ಕಾರಕ್ಕಿಂತ ಚೆನ್ನಾಗಿ ಜಾರಿಗೆ ತಂದಿದ್ದಾನೆ.

ಅವನಿಗಿರುವ ಬೇಡಿಕೆಗೆ ಕಾರಣಗಳಿವೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎಂದರೆ, ವಿದ್ಯಾರ್ಥಿಯೊಬ್ಬನು ರಜೆಯ ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ದುಡಿಯಲು ಸಿಗುವ ಅವಕಾಶ ಮತ್ತು ಅದಕ್ಕೆ ಕೊಡುವ ಸಹಾಯಧನ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥದೇ ಯೋಜನೆಯಿದೆ. ಅಕಾಡೆಮಿಗಳ ಅರ್ಜಿಯ ಗಡುವು ಸಾಮಾನ್ಯವಾಗಿ ನವೆಂಬರಿನಲ್ಲಿ ಮುಗಿಯುತ್ತದೆ, ಅನಂತಪುರ ಸೀಮೆಯಲ್ಲಾದರೋ ಅದು ಶೇಂಗಾ ಕಿತ್ತು ಕಾಯಿ ಬಿಡಿಸುವ ಹೊತ್ತು. ಕೈಯಲ್ಲಿ ಬಳ್ಳಿ ಹಿಡಿದವರಿಗೆ ಮುಂದಿನ ಮೇ ತಿಂಗಳ ಚಿಂತೆ ಬರುವುದಿಲ್ಲ. ಬಿಸಿಲೇರಿದ ಮೇಲೆ ಎಚ್ಚೆತ್ತವರೆಲ್ಲ ಅಣ್ಣನ ಬಳಿಗೆ ಓಡುತ್ತಾರೆ. ಇದರ ಮೇಲೆ, 2020–21ರ ಹೊಸ ಪಠ್ಯಕ್ರಮದಲ್ಲಿ ಆಂಧ್ರವು ಪದವಿ ವಿದ್ಯಾರ್ಥಿಗಳಿಗೆ ಒಟ್ಟು ಹತ್ತು ತಿಂಗಳ ಇಂಟರ್ನ್‌ಶಿಪ್ಪನ್ನು, ಅಂದರೆ ಕೆಲಸದ ಸ್ಥಳದಲ್ಲೇ ಕಲಿಯುವ ತರಬೇತಿಯನ್ನು, ಕಡ್ಡಾಯ ಮಾಡಿತು. ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗದಲ್ಲಿ ರಸಾಯನಶಾಸ್ತ್ರದ ಹುಡುಗ ಎಲ್ಲಿ ತರಬೇತಿ ಪಡೆಯಬೇಕೆಂಬುದನ್ನು ಕಂಡುಹಿಡಿಯುವ ಹೊಣೆ ಅಣ್ಣನ ಹೆಗಲಿಗೆ ಬಿತ್ತು.

ಅವನ ಗುಣಗಳನ್ನು ಮೊದಲು ಹೇಳಿಬಿಡುವುದು ನ್ಯಾಯ. ಅವನು ಯಾರಿಂದಲೂ ಹಣ ಮುಟ್ಟುವುದಿಲ್ಲ. ಹುಡುಗಿಯರ ಪೋಷಕರಿಗೆ ತಾನೇ ಹೋಗಿ ಹಾಸ್ಟೆಲಿನ ಸುರಕ್ಷತೆಯನ್ನು ವಿವರಿಸುತ್ತಾನೆ. ಹಿಂದೂಪುರದಿಂದ ಯಾವ ರೈಲು ಹಿಡಿದರೆ ಯಲಹಂಕದಲ್ಲಿ ಇಳಿಯಬಹುದೆಂಬುದು ಅವನಿಗೆ ಬಾಯಿಪಾಠ. ಪ್ರಯೋಗಾಲಯದ ಮುಖ್ಯಸ್ಥರನ್ನು ‘ಪಿ.ಐ.’ ಎಂದೇ ಕರೆಯುವ ಅಭ್ಯಾಸ, ಮತ್ತು ಮಾತಿನ ನಡುವೆ ‘ನಾವು ಲ್ಯಾಬಿನಲ್ಲಿದ್ದಾಗ’ ಎಂದು ನಿಟ್ಟುಸಿರಿಡುವ ಅಭ್ಯಾಸ, ಇವೆರಡನ್ನೂ ಸಹಿಸಿಕೊಳ್ಳಬಹುದು.

ಸಹಿಸಲಾಗದ್ದು ಅವನ ಪತ್ರ. ಪರಿಚಯವಿಲ್ಲದ ಪ್ರಾಧ್ಯಾಪಕರಿಗೆ ಅವಕಾಶ ಕೋರಿ ಕಳುಹಿಸಲೆಂದು ಅಣ್ಣ ರೂಪಿಸಿದ ನಮೂನೆಯೊಂದು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಿದು ಎರಡೂ ಊರುಗಳನ್ನು ವ್ಯಾಪಿಸಿದೆ. ಅದರಲ್ಲಿ ‘ಎಸ್ಟೀಮ್ಡ್’ ಎಂಬ ವಿಶೇಷಣ ನಾಲ್ಕು ಕಡೆ ಬರುತ್ತದೆ. ಸಂಸ್ಥೆ, ಪ್ರಾಧ್ಯಾಪಕರು ಮತ್ತು ಅವರ ಸಂಶೋಧನೆ ಮುಗಿದ ಮೇಲೆ ಉಳಿದ ಒಂದನ್ನು ಅರ್ಜಿದಾರನು ತನಗೇ ಹಚ್ಚಿಕೊಂಡಿರುತ್ತಾನೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದರೂ ನಮೂನೆಯಲ್ಲಿ ಜಿಲ್ಲೆ ಅನಂತಪುರವೇ ಆಗಿದೆ. ಹಣ್ಣಿನ ನೊಣದ ತಳಿಶಾಸ್ತ್ರದಲ್ಲಿ, ಅಂದರೆ ಹತ್ತು ಹನ್ನೆರಡು ದಿನಕ್ಕೊಂದು ಪೀಳಿಗೆ ಮುಗಿಸುವ ಕಾರಣಕ್ಕೆ ವಿಜ್ಞಾನಿಗಳು ನೂರು ವರ್ಷಕ್ಕೂ ಮೇಲ್ಪಟ್ಟು ಸಾಕಿಕೊಂಡು ಬಂದಿರುವ ಸಣ್ಣ ಕೀಟದ ವಂಶವಿಚಾರದಲ್ಲಿ, ಬಾಲ್ಯದಿಂದಲೂ ಆಸಕ್ತಿಯುಳ್ಳವನೆಂಬ ಒಕ್ಕಣೆ ಅಣ್ಣನ ಸ್ವಂತ ಅರ್ಜಿಯಿಂದ ಉಳಿದದ್ದು. ಅದು ಹಾಗೆಯೇ ನಕ್ಷತ್ರಗಳ ನಡುವಿನ ಧೂಳನ್ನು ಅಧ್ಯಯನ ಮಾಡುವ ಮಹಿಳೆಯೊಬ್ಬರಿಗೆ ‘ಡಿಯರ್ ಸರ್’ ಎಂಬ ಸಂಬೋಧನೆಯೊಡನೆ, ಒಂದೇ ವಾರದಲ್ಲಿ ಹನ್ನೊಂದು ಮಂದಿಯಿಂದ ತಲುಪಿತು. ಹನ್ನೊಂದು ಬಾಲ್ಯಗಳನ್ನೂ ನೊಣಗಳೇ ಆವರಿಸಿದ್ದ ಊರಿನ ನೈರ್ಮಲ್ಯದ ಬಗ್ಗೆ ಆಕೆ ಏನೆಂದುಕೊಂಡರೋ ತಿಳಿಯದು, ಉತ್ತರವಂತೂ ಬರಲಿಲ್ಲ. ಈ ಪತ್ರವನ್ನು ತಿದ್ದಲು ಹೋದ ಅಧ್ಯಾಪಕರು, ಅವರಲ್ಲಿ ಪ್ರಸ್ತುತ ಲೇಖಕನೂ ಒಬ್ಬ, ‘ತಾವು ಯಾವ ಲ್ಯಾಬಿನಲ್ಲಿ ಮಾಡಿದ್ರಿ ಸಾರ್?’ ಎಂಬ ವಿನಯದ ಪ್ರಶ್ನೆಗೆ ತಣ್ಣಗಾಗಿ, ಅಣ್ಣನ ಟೀ ದುಡ್ಡನ್ನೂ ತಾವೇ ಕೊಟ್ಟು ಎದ್ದು ಬಂದಿದ್ದಾರೆ.

ಇಷ್ಟಾದರೂ ಅವನನ್ನು ಪೂರ್ತಿ ನಗೆಗೆ ಒಪ್ಪಿಸಲು ಮನಸ್ಸು ಬಾರದು. ಎಂ.ಎಸ್ಸಿ.ಗೆ ಸೀಟು ಸಿಕ್ಕ ವರ್ಷವೇ ಮಳೆ ಕೈಕೊಟ್ಟು, ಅಕ್ಕನ ಮದುವೆಯ ಸಾಲವೂ ಸೇರಿ, ಅಣ್ಣ ಗ್ರಾಮ ಸಚಿವಾಲಯದ ಕೆಲಸಕ್ಕೆ ಸೇರಿದವನು. ಪಿಂಚಣಿಯ ಪಟ್ಟಿ ಟೈಪಿಸುವ ಬೆರಳುಗಳಿಗೆ ಮೈಕ್ರೋಲೀಟರಿನಷ್ಟು ದ್ರವವನ್ನು ಅಳೆದು ಬಿಡುವ ಪಿಪೆಟ್ಟಿನ ಹಿಡಿತ ಇನ್ನೂ ನೆನಪಿದೆ, ಕೇಳಿದರೆ ಪೆನ್ನು ಹಿಡಿದೇ ತೋರಿಸುತ್ತಾನೆ. ತಾನು ದಾಟಲಾಗದ ಹೊಸ್ತಿಲನ್ನು ಬೇರೆಯವರು ದಾಟಲೆಂದು ಇಷ್ಟು ಓಡಾಡುವವರು ಕಾಲೇಜಿನ ಒಳಗೆ ಸಂಬಳ ಪಡೆಯುವವರಲ್ಲೂ ಹೆಚ್ಚಿಲ್ಲ.

ಒಮ್ಮೆ ರಾಯದುರ್ಗದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ನೊಣವನ್ನು ಬಿಟ್ಟು, ಅಪ್ಪನ ಹೊಲದ ಶೇಂಗಾಕ್ಕೆ ಬೀಳುವ ತಿಕ್ಕಾ ರೋಗದ ಬಗ್ಗೆ, ಅಂದರೆ ಎಲೆಯ ಮೇಲೆ ಕಪ್ಪು ಚುಕ್ಕೆಗಳೆದ್ದು ಎಲೆ ಉದುರಿಸುವ ಶಿಲೀಂಧ್ರದ ಬಗ್ಗೆ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರಿಗೆ ಬರೆದಳು: ಹುಣಸೆಮರದ ನೆರಳಿನ ಸಾಲುಗಳಲ್ಲಿ ಇಬ್ಬನಿ ತಡವಾಗಿ ಆರುವುದಕ್ಕೂ ಅಲ್ಲಿ ಚುಕ್ಕೆ ಮೊದಲು ಕಾಣುವುದಕ್ಕೂ ಸಂಬಂಧವಿದೆಯೇ ಎಂಬುದು ಅವಳ ಪ್ರಶ್ನೆ.

‘ಹೊಲದ ಮಾತೆಲ್ಲ ಯಾಕಮ್ಮಾ? ಸೈನ್ಸ್ ಬರಿ’ ಎಂದ ಅಣ್ಣ.

‘ನಾನು ನೋಡಿರೋದು ಅದೇ ಅಲ್ಲೇನಣ್ಣಾ’ ಎಂದಳು ಅವಳು.

ಮೂರನೆಯ ದಿನ ಉತ್ತರ ಬಂತು, ಬೇಸಿಗೆಗೆ ಕರೆಯೂ ಬಂತು. ಅವಳಿಗಿಂತ ಹೆಚ್ಚು ಹಿಗ್ಗಿದ ಅಣ್ಣ ಜೆರಾಕ್ಸ್ ಅಂಗಡಿಗೆಲ್ಲ ಮೈಸೂರುಪಾಕು ಹಂಚಿ, ಅಂದು ರಾತ್ರಿಯೇ ಹಳೆಯ ನಮೂನೆಯನ್ನು ಅಳಿಸಿ ಅವಳ ಪತ್ರವನ್ನು ಅದರ ಜಾಗದಲ್ಲಿಟ್ಟ. ಮರುವರ್ಷ ಜೀನ್ಸ್ ಹೊಲಿಯುವವರ ಮಗನ ಹೊಲಕ್ಕೂ, ಕಿರಾಣಿ ಅಂಗಡಿಯವರ ಮಗಳ ಹೊಲಕ್ಕೂ, ಹೊಲವೇ ಇಲ್ಲದ ಇನ್ನೈವರ ಹೊಲಗಳಿಗೂ ಹುಣಸೆಮರದ ನೆರಳಿನಲ್ಲೇ ತಿಕ್ಕಾ ತಗುಲಿತು. ಬೆಂಗಳೂರಿನ ಆ ಪ್ರಾಧ್ಯಾಪಕರು ಗಾಬರಿಯಾಗಿ, ರಾಯದುರ್ಗದಲ್ಲಿ ರೋಗ ಈ ಪ್ರಮಾಣದಲ್ಲಿ ಹಬ್ಬಿರುವುದನ್ನು ಕೃಷಿ ಇಲಾಖೆಗೆ ತಿಳಿಸಲಾಗಿದೆಯೇ ಎಂದು ಏಳೂ ಮಂದಿಗೆ ಒಂದೇ ಉತ್ತರ ಬರೆದರು.